ಸಹಾಯ ಬೇಕು: 25-ಪೌಂಡರ್ ತೋಪಿನ ಕೈಚಕ್ರ ಜಾಮ್

ಬ್ರೀಚ್ (ಗುಂಡು ತುಂಬುವ ಹಿಂಬದಿ) ವೆಲ್ಡ್ ಮಾಡಿ ನಿಷ್ಕ್ರಿಯಗೊಳಿಸಿ ಪ್ರದರ್ಶನಕ್ಕಿಟ್ಟಿರುವ 25-ಪೌಂಡರ್ (ನಳಿಗೆಯ ಒಳವ್ಯಾಸ 87.6 ಮಿ.ಮೀ.) ಹಳೇ ಬ್ರಿಟಿಷ್ ತೋಪು. ನಳಿಗೆ ಏರಿಸಿ ಇಳಿಸುವ ಕೈಚಕ್ರ ಕಾಲು ಸುತ್ತು ತಿರುಗಿ ನಿಲ್ಲುತ್ತಿದೆ. ಹಳೇ ಗ್ರೀಸ್ ಮೇಣದಂತೆ ಗಟ್ಟಿಯಾಗಿದೆ, ಮಳೆನೀರು ಇಳಿದು ಶಾಫ್ಟ್ ತುಕ್ಕು ಹಿಡಿದು ಅದರ ಸುತ್ತಲಿನ ಕಂಚಿನ ಬುಷ್‌ಗೆ (ಬಳೆಗೆ) ಕಚ್ಚಿಕೊಂಡಿದೆ. ಅಸಿಟೋನ್, ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಆಯಿಲ್ ಸಮಸಮ ಬೆರೆಸಿ ಮೂರು ದಿನ ಬಿಟ್ಟರೂ ಅಷ್ಟಕ್ಕಷ್ಟೇ. ಪೈಪ್ ತೂರಿಸಿ ಬಲವಂತ ಮಾಡಿದರೆ ಗೇರ್ ಹಲ್ಲು ಹೋಗುತ್ತದೆ, ಅಂಥದ್ದು ಮತ್ತೆ ಸಿಗುವುದಿಲ್ಲ. ನಳಿಗೆ ತಟ್ಟನೆ ವಾಲದಂತೆ ದಿಮ್ಮಿ ಆಸರೆ ಕೊಟ್ಟಾಗಿದೆ. ರಿಕಾಯಿಲ್ ಸಿಲಿಂಡರ್ (ಗುಂಡು ಹಾರಿದಾಗ ನಳಿಗೆಯ ಹಿನ್ನೆಗೆತ ತಡೆಯುವ ಭಾಗ) ಮುಟ್ಟುವ ಯೋಚನೆಯೇ ಇಲ್ಲ, ಒಳಗೆ ಒತ್ತಡ ಉಳಿದಿರಬಹುದು.

ಬುಷ್ ಕೆಡದಂತೆ ಶಾಫ್ಟ್ ಬಿಡಿಸಲು ಎಷ್ಟು ಬಿಸಿ ಕೊಡಬಹುದು? ಇದರ ಥ್ರೆಡ್ ಹಳೇ ಬ್ರಿಟಿಷ್ ಅಳತೆಯ ವಿಟ್‌ವರ್ತ್, ಅದಕ್ಕೆ 55 ಡಿಗ್ರಿ ಕೋನದ ಟ್ಯಾಪ್-ಡೈ (ಥ್ರೆಡ್ ಕೊರೆಯುವ ಉಪಕರಣ) ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ? ಮೆಟ್ರಿಕ್‌ನದ್ದು 60 ಡಿಗ್ರಿ, ಹಾಕಿದರೆ ಥ್ರೆಡ್ಡೇ ಹಾಳು. ಗೊತ್ತಿದ್ದವರು ದಯವಿಟ್ಟು ತಿಳಿಸಿ.