ಸಹಾಯ ಬೇಕು: ಬಿಸಿ ಮಾಡದೆಯೇ ಅಂತರುಷ್ಣಕ (ಶಾಖ ಹೀರಿಕೊಳ್ಳುವ) ಕ್ರಿಯೆ ಹೇಗೆ ನಡೆಯುತ್ತೆ?

ಎಲ್ಲರಿಗೂ ನಮಸ್ಕಾರ. ಹನುಮಂತನಗರದಲ್ಲಿ ಸಂಜೆ ಹೊತ್ತು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವಿಜ್ಞಾನ ಪಾಠ ಹೇಳ್ತೀನಿ, ಕನ್ನಡ ಮಾಧ್ಯಮ.

ಬಹಿರುಷ್ಣಕ (ಶಾಖ ಹೊರಬಿಡುವ) ಕ್ರಿಯೆ ಮಕ್ಕಳಿಗೆ ಸುಲಭವಾಗಿ ಅರ್ಥವಾಯಿತು. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕುದಿಯೋದನ್ನ ಮನೆಗೆ ಸುಣ್ಣ ಬಳಿಯುವಾಗ ಕೆಲವರು ನೋಡಿದ್ದಾರೆ; ಒಂದು ಮೋಲ್‌ಗೆ (ಅಂದರೆ ಸುಮಾರು 56 ಗ್ರಾಂ ಸುಟ್ಟ ಸುಣ್ಣಕ್ಕೆ) ಸುಮಾರು 65 ಕಿಲೋಜೂಲ್ ಶಾಖ ಹೊರಬರುತ್ತೆ. (ಕಣ್ಣಿಗೆ ಸಿಡಿಯುವ ಭಯ, ಅದನ್ನು ನಾನು ಮಾಡಿಸಲಿಲ್ಲ.)

ಅಂತರುಷ್ಣಕಕ್ಕೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿದ ನೀರಿಗೆ ಅಡುಗೆ ಸೋಡಾ ಹಾಕಿದೆವು. ಬುಸುಬುಸು ನೊರೆ ಉಕ್ಕಿತು, ಥರ್ಮಾಮೀಟರ್ 26ರಿಂದ 20 ಡಿಗ್ರಿಗೆ ಇಳಿಯಿತು. ಆಗ ಒಬ್ಬಳು ಹುಡುಗಿ ಕೇಳಿದಳು: "ಮಿಸ್, ಈ ಕ್ರಿಯೆಗೆ ಶಾಖ ಬೇಕು ಅಂದ್ರಿ. ನಾವು ಒಲೆ ಮೇಲೆ ಇಡಲೇ ಇಲ್ಲವಲ್ಲ, ತಾನಾಗೇ ಹೇಗೆ ನಡೀತು?"

ಎಂಥ ಒಳ್ಳೆ ಪ್ರಶ್ನೆ! ಸುತ್ತಲಿನ ನೀರಿನಿಂದಲೇ ಶಾಖ ಎಳೆದುಕೊಳ್ಳುತ್ತೆ, ಅದಕ್ಕೇ ಲೋಟ ತಣ್ಣಗಾಗೋದು ಅಂದೆ. ಆದರೆ ಯಾಕೆ ಎಳೆದುಕೊಳ್ಳಬೇಕು? ಅನಿಲ ಬಿಡುಗಡೆಯಾಗಿ ಕಣಗಳು ಚದುರುವುದರಿಂದ ಎಂಟ್ರೊಪಿ (ಕಣಗಳೂ ಶಕ್ತಿಯೂ ಎಷ್ಟು ಹರಡಿಕೊಂಡಿವೆ ಅನ್ನೋದರ ಅಳತೆ) ಹೆಚ್ಚುತ್ತೆ ಅನ್ನೋದು ನನಗೆ ಗೊತ್ತು. ಹದಿನೈದು ವರ್ಷದ ಮಗುವಿಗೆ ಅದನ್ನು ಸುಳ್ಳಾಗದ ಹಾಗೆ, ಕನ್ನಡದಲ್ಲಿ, ಯಾವ ಉದಾಹರಣೆ ಕೊಟ್ಟು ಹೇಳಲಿ?

ರಸಾಯನಶಾಸ್ತ್ರದ ಮೇಷ್ಟ್ರುಗಳು, ಮೇಡಂಗಳು ದಯವಿಟ್ಟು ತಿಳಿಸಿ. ಶನಿವಾರ ಉತ್ತರ ಹೇಳ್ತೀನಿ ಅಂತ ಅವಳಿಗೆ ಮಾತು ಕೊಟ್ಟಿದ್ದೀನಿ.