ರವದಿ ಹೊದಿಸಿದ ಮೇಲೆ ದ್ರಾಕ್ಷಿ ಎಲೆ ಬಿಳಚಿವೆ, ತೆಗೆಯಬೇಕಾ?

ಪ್ರಶ್ನೆ: ವಿಜಯಪುರ ಭಾಗ, ಎರೆ ಮಣ್ಣು, ಥಾಮ್ಸನ್ ಸೀಡ್‌ಲೆಸ್. ಏಪ್ರಿಲ್ ಚಾಟ್ನಿ (ಬಳ್ಳಿ ಸವರುವುದು) ಆದಮೇಲೆ ಸಾಲಿಗೆ ಕಬ್ಬಿನ ರವದಿ (ಒಣಗಿದ ಎಲೆ) ಹೊದಿಸಿದ್ದೇವೆ. ಈಗ ಎಲೆ ಬಿಳಚಿವೆ. ತೆಗೆದುಬಿಡೋಣವೇ?

ಉತ್ತರ 1: ತೆಗೀಬ್ಯಾಡ್ರಿ. ಯಾವ ಎಲೆ ಅಂತ ಮೊದಲು ನೋಡ್ರಿ. ಬುಡದ ಹಳೆ ಎಲೆ ಪೂರ್ತಿ ಬಿಳಚಿದ್ದರೆ ಸಾರಜನಕದ ಕೊರತೆ. ರವದಿಯಲ್ಲಿ ಇಂಗಾಲ ಬಹಳ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮೇಲ್ಮಣ್ಣಿನ ಸಾರಜನಕ ಹಿಡಿದಿಟ್ಟುಕೊಳ್ತಾವು. ಮಣ್ಣಿಗೆ ಬೆರೆಸಿದ್ದರಂತೂ ಇನ್ನೂ ಜೋರು. ಟನ್ ರವದಿಗೆ 8–10 ಕೆಜಿ ಯೂರಿಯಾ ಕರಗಿಸಿ, ಎರಡು ಸಲ ಹಂಚಿ ರವದಿ ಮೇಲೇ ಚಿಮುಕಿಸಿ.

ಉತ್ತರ 2: ತುದಿಯ ಎಳೆ ಎಲೆ ಹಳದಿ, ನರ ಮಾತ್ರ ಹಸಿರು ಇದ್ದರೆ ಅದು ಕಬ್ಬಿಣದ ಕೊರತೆ, ಯೂರಿಯಾದಿಂದ ಹೋಗೋದಿಲ್ಲ. ಹೊದಿಕೆ ಕೆಳಗೆ ತೇವ ಆರೋದಿಲ್ಲ, ಡ್ರಿಪ್ ಮಾತ್ರ ಮೊದಲಿನಷ್ಟೇ ಹೊತ್ತು ಓಡ್ತಿರ್ತದೆ. ಸುಣ್ಣದಂಶದ ಎರೆ ಮಣ್ಣಲ್ಲಿ ಬೇರಿಗೆ ಗಾಳಿ ಸಿಗದಿದ್ದರೆ ಕಬ್ಬಿಣ ಎಳೆಯೋದಿಲ್ಲ. ರವದಿ ಸರಿಸಿ, ಅರ್ಧ ಅಡಿ ಆಳದ ಮಣ್ಣು ತೆಗೆದು ಉಂಡೆ ಕಟ್ಟಿರಿ. ಅಂಗೈಗೆ ಮೆತ್ತಿಕೊಂಡರೆ ನೀರು ನಿಲ್ಲಿಸಿ.

ಉತ್ತರ 3: ದಪ್ಪ 3–4 ಇಂಚು ಸಾಕು. ಕಾಂಡದ ಸುತ್ತ ಅರ್ಧ ಅಡಿ ಖಾಲಿ ಬಿಡಿ, ಇಲ್ಲದಿದ್ದರೆ ಗೆದ್ದಲು ಏರ್ತಾವು. ಸವಳು ನೀರಿನ ಬೋರ್ ಇದ್ದವರು ಹೊದಿಕೆ ಬಿಡಲೇಬಾರದು: ನೀರು ಆವಿಯಾಗೋದು ತಗ್ಗಿದಷ್ಟೂ ಉಪ್ಪು ಮೇಲೆ ಬರೋದು ಕಡಿಮೆ.