ಅಪ್‌ಡೇಟ್: ಅಮ್ಮನ ಮಾತ್ರೆ ಎಷ್ಟು ಕಾಲ ಕೆಲಸ ಮಾಡಬಹುದು?

ಶ್ವಾಸಕೋಶದ ಕ್ಯಾನ್ಸರ್‌ಗೆ ಅಮ್ಮ ಒಸಿಮೆರ್ಟಿನಿಬ್ ತೆಗೆದುಕೊಳ್ಳುತ್ತಿದ್ದಾರೆ, ಅದರ ಫಲ ಯಾವುದರ ಮೇಲೆ ನಿಂತಿದೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ರಿಪೋರ್ಟ್ ಹಿಡಿದು ಡಾಕ್ಟರ್ ಹತ್ತಿರ ಕೂತು ಮಾತಾಡಿದೆವು.

ಈ ಮಾತ್ರೆ ಕೆಲಸ ಮಾಡೋದು ಇಜಿಎಫ್‌ಆರ್ ಎಂಬ ಜೀನ್‌ನಲ್ಲಿ ಬದಲಾವಣೆ ಇದ್ದ ಕ್ಯಾನ್ಸರ್ ಮೇಲೆ. ಆದರೆ ಬರೀ ಇಜಿಎಫ್‌ಆರ್ ಪಾಸಿಟಿವ್ ಅಂದರೆ ಸಾಲದು, ಯಾವ ಬಗೆಯ ಬದಲಾವಣೆ ಅನ್ನೋದು ಮುಖ್ಯ. ಅಮ್ಮನದು ಎಕ್ಸಾನ್ 19 ಡಿಲೀಷನ್, ಅಂದರೆ ಆ ಜೀನ್‌ನ ಒಂದು ಸಣ್ಣ ತುಣುಕು ಬಿಟ್ಟುಹೋಗಿದೆ. ಫ್ಲಾರಾ ಎಂಬ ದೊಡ್ಡ ಪರೀಕ್ಷೆಯಲ್ಲಿ ಈ ಗುಂಪಿನವರಿಗೆ ಈ ಮಾತ್ರೆಯಿಂದ ಕಾಯಿಲೆ ಹತೋಟಿಯಲ್ಲಿದ್ದ ಅವಧಿಯ ಮೀಡಿಯನ್ 21.4 ತಿಂಗಳು. ಎಲ್858ಆರ್ ಎಂಬ ಇನ್ನೊಂದು ಬಗೆಯ ಬದಲಾವಣೆ ಇದ್ದವರಿಗೆ 14.4. ಮೀಡಿಯನ್ ಅಂದರೆ ಗಡುವು ಅಲ್ಲ, ಅರ್ಧದಷ್ಟು ಜನರಿಗೆ ಅದಕ್ಕಿಂತ ಜಾಸ್ತಿ. ಇದು ತಿಳಿದ ಮೇಲೆ ನಮಗೆ ಎಷ್ಟೋ ಧೈರ್ಯ ಬಂತು.

ಜೊತೆಗೆ ಕ್ಯಾನ್ಸರ್ ತಡೆಯಲು ನೆರವಾಗುವ ಟಿಪಿ53 ಎಂಬ ಜೀನ್ ಕೂಡ ಕೆಟ್ಟಿದ್ದರೆ ಫಲ ಸಾಮಾನ್ಯವಾಗಿ ಕಡಿಮೆ. ಅಮ್ಮನ ರಿಪೋರ್ಟಿನಲ್ಲಿ ಅದಿದೆ. ಸುಳ್ಳು ಹೇಳಲ್ಲ, ಮನಸ್ಸಿಗೆ ಕಷ್ಟವಾಯಿತು. ಮಿದುಳಿಗೆ ಅಥವಾ ಲಿವರ್‌ಗೆ ಹರಡಿದ್ದರೂ ದಾರಿ ಕಠಿಣ. ಆದರೆ ಈ ಔಷಧ ಮಿದುಳಿಗೂ ಚೆನ್ನಾಗಿ ತಲುಪುತ್ತದೆ. ಅಮ್ಮ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆ, ತೂಕವೂ ಇಳಿದಿಲ್ಲ. ಇವೆರಡೂ ಒಳ್ಳೆಯ ಲಕ್ಷಣಗಳಂತೆ.

ನಮ್ಮ ಕೈಲಿರೋದು ಡೋಸ್ ತಪ್ಪಿಸದಿರುವುದು, ಬೇರೆ ಔಷಧಗಳ ಪಟ್ಟಿ ತೋರಿಸುವುದು. ಟಿಬಿಯ ರಿಫಾಂಪಿಸಿನ್, ಫಿಟ್ಸ್‌ನ ಕೆಲವು ಮಾತ್ರೆಗಳು ಇದರ ಬಲ ಕುಗ್ಗಿಸುತ್ತವೆ.

ಗೆಡ್ಡೆ ಮತ್ತೆ ಬೆಳೆದರೆ ಏನು ಮಾಡುತ್ತಾರೆ ಎಂದು ಒಬ್ಬರು ಕೇಳಿದ್ದರು ಅಲ್ವಾ? ಆಗ ಮತ್ತೆ ಬಯಾಪ್ಸಿ ಅಥವಾ ರಕ್ತಪರೀಕ್ಷೆ ಮಾಡಿ, ಹೊಸ ಬದಲಾವಣೆ ಏನೆಂದು ನೋಡಿ ಮುಂದಿನ ಚಿಕಿತ್ಸೆ ಆರಿಸುತ್ತಾರೆ.